ಪಿವಟ್ ಟೇಬಲ್‌ನಲ್ಲಿ ಗುಂಪು ಮಾಡುವ ಕ್ರಮ: ವರ್ತಕರಿಗೆ ಉಪಯುಕ್ತವಾದ ಹದಿನೈದರ ಮಗ್ಗಿ

ಕಿರ್ದಿಗೂ ಖತಾವಣಿಗೂ ಇರುವ ವ್ಯತ್ಯಾಸವನ್ನು ಬಲ್ಲ ವರ್ತಕನಿಗೆ ಪಿವಟ್ ಟೇಬಲ್ ಹೊಸ ವಿದ್ಯೆಯೇನೂ ಅಲ್ಲ. ಕಿರ್ದಿಯಲ್ಲಿ ವ್ಯವಹಾರಗಳು ನಡೆದ ದಿನದ ಕ್ರಮದಲ್ಲಿ ದಾಖಲಾಗುತ್ತವೆ. ಅವುಗಳನ್ನೇ ಗಿರಾಕಿವಾರು, ಸರಕುವಾರು, ವೆಚ್ಚವಾರು ವಿಂಗಡಿಸಿ ಖತಾವಣಿಗೆ ಏರಿಸಿದಾಗ ಮಾತ್ರ ಯಾರಿಂದ ಎಷ್ಟು ಬರಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬುದು ತಿಳಿಯುತ್ತದೆ. ಹಿಂದೆ ಗುಮಾಸ್ತರು ದಿನಗಟ್ಟಲೆ ಕುಳಿತು ಮಾಡುತ್ತಿದ್ದ ಈ ವಿಂಗಡಣೆಯನ್ನು ಇಂದು ಸ್ಪ್ರೆಡ್‌ಶೀಟ್ ತಂತ್ರಾಂಶವು ಕೆಲವೇ ಕ್ಷಣಗಳಲ್ಲಿ ಮಾಡಿಕೊಡುತ್ತದೆ.

ಆದರೆ ಒಂದು ವ್ಯತ್ಯಾಸವುಂಟು. ಗುಮಾಸ್ತನಿಗೆ ಅಂಗಡಿಯ ವಹಿವಾಟು, ಸಾಲದ ವಾಯಿದೆ, ಹಬ್ಬದ ವ್ಯಾಪಾರ ಇವೆಲ್ಲ ತಿಳಿದಿದ್ದವು. ಯಂತ್ರಕ್ಕೆ ಇವಾವುವೂ ತಿಳಿಯವು. ದಿನಾಂಕಗಳನ್ನು ಗುಂಪು ಮಾಡಲು ಹೇಳಿದರೆ ಅದು ಜನವರಿಯಿಂದ ವರ್ಷವನ್ನು ಆರಂಭಿಸುತ್ತದೆ. ಅಂಕಿಗಳನ್ನು ಗುಂಪು ಮಾಡಲು ಹೇಳಿದರೆ 10, 100, 1,000 ಎಂಬ ಅಂತರವನ್ನು ತಾನಾಗಿಯೇ ಸೂಚಿಸುತ್ತದೆ. ಈ ಗೆರೆಗಳಿಗೂ ವರ್ತಕನು ಪಾಲಿಸಬೇಕಾದ ಕಾನೂನಿನ ಗೆರೆಗಳಿಗೂ ಸಂಬಂಧವಿಲ್ಲ. ಗುಂಪಿನ ಗೆರೆ ತಪ್ಪಾದರೆ ಮೊತ್ತವು ಸರಿಯಾಗಿದ್ದರೂ ತೀರ್ಮಾನವು ತಪ್ಪಾಗುತ್ತದೆ. ಈ ತಪ್ಪಿಗೆ ತೆರಿಗೆಯ ರೂಪದಲ್ಲಿ ಬೆಲೆ ತೆರಬೇಕಾದ ಸಂದರ್ಭವೂ ಇದೆ. ಆದ್ದರಿಂದ ಗುಂಪು ಮಾಡುವ ಕ್ರಮವನ್ನು ಗಣಕಯಂತ್ರದ ಸಹಾಯಕನಿಗೆ ಬಿಟ್ಟುಬಿಡದೆ, ಉದ್ಯಮದ ಮಾಲೀಕರೇ ಅರಿತಿರುವುದು ಅವಶ್ಯಕ.

ಪಿವಟ್ ಟೇಬಲ್‌ನ ಸ್ಥೂಲ ಪರಿಚಯ

1993ರಲ್ಲಿ ಬಂದ ಎಕ್ಸೆಲ್ 5ನೆಯ ಆವೃತ್ತಿಯಿಂದಲೂ ಪಿವಟ್ ಟೇಬಲ್ ಸೌಲಭ್ಯವಿದೆ. ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿಯೂ ಇದು ಲಭ್ಯ. ಬಿಲ್ಲಿನ ದಿನಾಂಕ, ಬಿಲ್ಲಿನ ಸಂಖ್ಯೆ, ಪಾರ್ಟಿಯ ಹೆಸರು, ಸರಕು, ಮೊತ್ತ ಹೀಗೆ ಪ್ರತಿ ಬಿಲ್ಲಿಗೆ ಒಂದು ಸಾಲಿನಂತೆ ಪಟ್ಟಿಯಿರಬೇಕು. ಪ್ರತಿ ಕಾಲಂಗೂ ತಲೆಬರಹವಿರಬೇಕು. ನಡುವೆ ಖಾಲಿ ಸಾಲುಗಳಾಗಲಿ, ಉಪಮೊತ್ತದ ಸಾಲುಗಳಾಗಲಿ ಇರಕೂಡದು. 'ಇನ್ಸರ್ಟ್' ಪಟ್ಟಿಯಲ್ಲಿ 'ಪಿವಟ್ ಟೇಬಲ್' ಆಯ್ದು, ಪಾರ್ಟಿಯ ಹೆಸರನ್ನು ಸಾಲಿನ ಜಾಗಕ್ಕೂ ಮೊತ್ತವನ್ನು ಮೌಲ್ಯದ ಜಾಗಕ್ಕೂ ಎಳೆದು ಬಿಟ್ಟರೆ ಪಾರ್ಟಿವಾರು ಮೊತ್ತ ಸಿದ್ಧವಾಗುತ್ತದೆ. ಸಾಲಿನ ಜಾಗದಲ್ಲಿ ದಿನಾಂಕವನ್ನೋ ಅಂಕಿಯನ್ನೋ ಇಟ್ಟು, ಅದರ ಮೇಲೆ ಮೌಸ್‌ನ ಬಲಗುಂಡಿಯನ್ನು ಒತ್ತಿ 'ಗ್ರೂಪ್' ಎಂಬುದನ್ನು ಆರಿಸಿದರೆ ಗುಂಪು ಮಾಡುವ ಚೌಕಟ್ಟು ತೆರೆದುಕೊಳ್ಳುತ್ತದೆ. ಮೂಲ ಪಟ್ಟಿಗೆ ಹೊಸ ಬಿಲ್ಲುಗಳು ಸೇರಿದಾಗ 'ರಿಫ್ರೆಶ್' ಮಾಡದಿದ್ದರೆ ಪಿವಟ್ ಟೇಬಲ್ ಹಳೆಯ ಅಂಕಿಗಳನ್ನೇ ತೋರಿಸುತ್ತಿರುತ್ತದೆ ಎಂಬುದನ್ನೂ ನೆನಪಿಡಬೇಕು.

ಮೊದಲು ದಿನಾಂಕದ ಶುದ್ಧಿ

ಲೆಕ್ಕದ ತಂತ್ರಾಂಶದಿಂದಲೋ ಬೇರೊಂದು ಕಡತದಿಂದಲೋ ಎಕ್ಸೆಲ್‌ಗೆ ತಂದ ಪಟ್ಟಿಯಲ್ಲಿ ದಿನಾಂಕಗಳು ಅನೇಕ ವೇಳೆ ಕೇವಲ ಅಕ್ಷರಗಳ ರೂಪದಲ್ಲಿರುತ್ತವೆ. ನೋಡಲು ದಿನಾಂಕದಂತೆಯೇ ಕಂಡರೂ ಯಂತ್ರವು ಅವನ್ನು ದಿನಾಂಕವೆಂದು ಪರಿಗಣಿಸುವುದಿಲ್ಲ. ಇಂತಹ ಒಂದು ಸಾಲಿದ್ದರೂ, ಈ ಆಯ್ಕೆಯನ್ನು ಗುಂಪು ಮಾಡಲಾಗದು ಎಂಬರ್ಥದ ಸಂದೇಶ ಬರುತ್ತದೆ. ಸಾಮಾನ್ಯವಾಗಿ ನಿಜವಾದ ದಿನಾಂಕವು ಚೌಕದ ಬಲಕ್ಕೆ, ಅಕ್ಷರರೂಪದ್ದು ಎಡಕ್ಕೆ ಅಂಟಿಕೊಂಡಿರುತ್ತದೆ. ಇದರಿಂದ ದೋಷವನ್ನು ಸುಲಭವಾಗಿ ಗುರುತಿಸಬಹುದು.

ಇದಕ್ಕಿಂತ ಅಪಾಯಕಾರಿಯಾದುದು ಸದ್ದಿಲ್ಲದೆ ಆಗುವ ದೋಷ. ಗಣಕಯಂತ್ರದ ಪ್ರಾದೇಶಿಕ ಹೊಂದಾಣಿಕೆಯು ಅಮೆರಿಕದ ಪದ್ಧತಿಯಲ್ಲಿದ್ದರೆ ಅದು ತಿಂಗಳನ್ನು ಮೊದಲು, ದಿನವನ್ನು ಅನಂತರ ಓದುತ್ತದೆ. ಆಗ 4-5-2024 ಎಂಬುದು ಮೇ 4ರ ಬದಲು ಏಪ್ರಿಲ್ 5 ಆಗುತ್ತದೆ. 13-5-2024 ಎಂಬುದಕ್ಕೆ ಹದಿಮೂರನೆಯ ತಿಂಗಳಿಲ್ಲದ ಕಾರಣ ಅದು ಅಕ್ಷರರೂಪದಲ್ಲಿಯೇ ಉಳಿಯುತ್ತದೆ. ಉಳಿದದ್ದನ್ನು 'ಟೆಕ್ಸ್ಟ್ ಟು ಕಾಲಮ್ಸ್' ಸೌಲಭ್ಯದ ಮೂರನೆಯ ಹಂತದಲ್ಲಿ ದಿನ, ತಿಂಗಳು, ವರ್ಷ ಎಂಬ ಕ್ರಮವನ್ನು ಸೂಚಿಸಿ ಸರಿಪಡಿಸಬಹುದು. ಆದರೆ ಈಗಾಗಲೇ ತಿರುವುಮುರುವಾದ ದಿನಾಂಕಗಳು ಇದರಿಂದ ಸರಿಯಾಗುವುದಿಲ್ಲ. ಹೊಂದಾಣಿಕೆಯನ್ನು ಭಾರತೀಯ ಪದ್ಧತಿಗೆ ಬದಲಿಸಿ ಪಟ್ಟಿಯನ್ನು ಮತ್ತೊಮ್ಮೆ ಮೊದಲಿನಿಂದ ತರುವುದೇ ಕ್ಷೇಮ.

ಜನವರಿಯ ವರ್ಷ, ಏಪ್ರಿಲ್‌ನ ವರ್ಷ

ವರ್ಷದ ಗೆರೆಯನ್ನು ಎಲ್ಲಿ ಎಳೆಯಬೇಕೆಂಬ ಪ್ರಶ್ನೆ ವರ್ತಕರಿಗೆ ಹೊಸದಲ್ಲ. ಒಂದು ಕಾಲದಲ್ಲಿ ದೀಪಾವಳಿಯಿಂದ ದೀಪಾವಳಿಗೆ ಲೆಕ್ಕವಿಡುವ ವರ್ತಕರಿದ್ದರು. ಆದಾಯ ತೆರಿಗೆಗೆ ಎಲ್ಲರೂ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಏಕರೂಪದ ವರ್ಷವನ್ನೇ ಅನುಸರಿಸಬೇಕೆಂಬುದು ಕಡ್ಡಾಯವಾದದ್ದು 1989-90ರ ಕರನಿರ್ಧಾರಣಾ ವರ್ಷದಿಂದ. ಪಿವಟ್ ಟೇಬಲ್ ಮಾತ್ರ ಜನವರಿಯ ವರ್ಷವನ್ನೇ ಹಿಡಿದುಕೊಂಡಿದೆ. ಅದರಲ್ಲಿ 'ಕ್ವಾರ್ಟರ್ಸ್' ಎಂದು ಆರಿಸಿದರೆ ಜನವರಿ-ಮಾರ್ಚ್ ಮೊದಲನೆಯ ತ್ರೈಮಾಸಿಕವೆಂದು ಬರುತ್ತದೆ. ಟಿಡಿಎಸ್ ವಿವರಣಾ ಪತ್ರದಲ್ಲಿ ಅದೇ ಜನವರಿ-ಮಾರ್ಚ್ ನಾಲ್ಕನೆಯ ತ್ರೈಮಾಸಿಕ. 2016ರ ಆವೃತ್ತಿಯಿಂದೀಚೆಗೆ ದಿನಾಂಕವನ್ನು ಎಳೆದು ಬಿಟ್ಟ ಕೂಡಲೇ ಎಕ್ಸೆಲ್ ಕೇಳದೆಯೇ ಹೀಗೆ ಗುಂಪು ಮಾಡಿಬಿಡುವುದರಿಂದ ಗೊಂದಲ ಇನ್ನೂ ಹೆಚ್ಚು.

ಇದಕ್ಕೆ ಸರಳ ಪರಿಹಾರವಿದೆ. ಮೂಲ ಪಟ್ಟಿಯಲ್ಲಿ 'ಲೆಕ್ಕದ ದಿನಾಂಕ' ಎಂಬ ಹೆಚ್ಚುವರಿ ಕಾಲಂ ಸೇರಿಸಿ, 'ಈಡೇಟ್' ಎಂಬ ಸೂತ್ರದಿಂದ ಬಿಲ್ಲಿನ ದಿನಾಂಕವನ್ನು 3 ತಿಂಗಳು ಹಿಂದಕ್ಕೆ ಸರಿಸಬೇಕು. 1-4-2024 ಆಗ 1-1-2024 ಆಗುತ್ತದೆ. 31-3-2025 ಎಂಬುದು 31-12-2024 ಆಗುತ್ತದೆ. ಈ ಕಾಲಂನ್ನು ವರ್ಷ ಮತ್ತು ತ್ರೈಮಾಸಿಕಗಳಾಗಿ ಗುಂಪು ಮಾಡಿದರೆ 2024-25ರ ಇಡೀ ಲೆಕ್ಕದ ವರ್ಷವು '2024' ಎಂಬ ಒಂದೇ ಗುಂಪಿನಲ್ಲಿ ಬರುತ್ತದೆ. ಏಪ್ರಿಲ್-ಜೂನ್ ಮೊದಲನೆಯ ತ್ರೈಮಾಸಿಕವಾಗುತ್ತದೆ. ತಿಂಗಳ ಹೆಸರು ಬೇಕಾದಾಗ ಮಾತ್ರ ಮೂಲ ದಿನಾಂಕವನ್ನೇ ಬಳಸಬೇಕು.

ಇನ್ನೊಂದು ಎಚ್ಚರಿಕೆ. 'ಮಂತ್ಸ್' ಎಂಬುದೊಂದನ್ನೇ ಆರಿಸಿ 'ಇಯರ್ಸ್' ಬಿಟ್ಟರೆ ಬೇರೆ ಬೇರೆ ವರ್ಷಗಳ ಏಪ್ರಿಲ್ ತಿಂಗಳುಗಳೆಲ್ಲ ಒಂದೇ ಏಪ್ರಿಲ್ ಆಗಿ ಕೂಡಿಕೊಳ್ಳುತ್ತವೆ. ಎರಡು ವರ್ಷದ ಪಟ್ಟಿಯಲ್ಲಿ ಮಾರಾಟವು ಇಮ್ಮಡಿಯಾದಂತೆ ಕಂಡರೆ ಹಿಗ್ಗುವ ಮೊದಲು ಇದನ್ನು ಪರೀಕ್ಷಿಸಬೇಕು.

ಹಬ್ಬವು ತಿಂಗಳನ್ನು ಲೆಕ್ಕಿಸದು

ತಿಂಗಳವಾರು ಹೋಲಿಕೆಯೂ ಎಲ್ಲ ಸಂದರ್ಭಗಳಲ್ಲಿ ಸರಿಯಾದ ಚಿತ್ರ ಕೊಡುವುದಿಲ್ಲ. ಬಲಿಪಾಡ್ಯಮಿಯು 2023ರಲ್ಲಿ ನವೆಂಬರ್ 14ರಂದು, 2024ರಲ್ಲಿ ನವೆಂಬರ್ 2ರಂದು ಬಂದಿತು. ಹಬ್ಬಕ್ಕೆ ಮುಂಚಿನ 30 ದಿನಗಳ ಪೈಕಿ 2023ರಲ್ಲಿ 13 ದಿನಗಳು ನವೆಂಬರ್‌ನಲ್ಲಿದ್ದವು. 2024ರಲ್ಲಿ ಒಂದೇ ಒಂದು ದಿನ. ಬಟ್ಟೆ, ಪಾತ್ರೆ, ಗೃಹೋಪಯೋಗಿ ವಸ್ತುಗಳ ವ್ಯಾಪಾರಿಯು ಎರಡೂ ವರ್ಷದ ನವೆಂಬರ್ ತಿಂಗಳನ್ನು ಹೋಲಿಸಿದರೆ ವ್ಯಾಪಾರ ಕುಸಿದಂತೆ ಕಾಣುವುದು ಸಹಜ. ಅದನ್ನು ನಂಬಿ ಮುಂದಿನ ವರ್ಷದ ದಾಸ್ತಾನು ಕಡಿಮೆ ಮಾಡಿದರೆ ನಷ್ಟ ಅವನಿಗೇ.

ಇಲ್ಲಿಯೂ ಹೆಚ್ಚುವರಿ ಕಾಲಂ ನೆರವಿಗೆ ಬರುತ್ತದೆ. ಆಯಾ ವರ್ಷದ ಹಬ್ಬದ ದಿನಾಂಕದಿಂದ ಬಿಲ್ಲಿನ ದಿನಾಂಕವನ್ನು ಕಳೆದರೆ 'ಹಬ್ಬಕ್ಕೆ ಮುಂಚೆ ಎಷ್ಟು ದಿನ' ಎಂಬ ಸಂಖ್ಯೆ ದೊರೆಯುತ್ತದೆ. ಇದನ್ನು 1ರಿಂದ ಆರಂಭಿಸಿ 7ರ ಅಂತರದಲ್ಲಿ ಗುಂಪು ಮಾಡಿ, ವರ್ಷವನ್ನು ಕಾಲಂನ ಜಾಗಕ್ಕೆ ಎಳೆದರೆ ಹಬ್ಬದ ಹಿಂದಿನ ವಾರ, ಅದಕ್ಕೂ ಹಿಂದಿನ ವಾರ ಹೀಗೆ ಸಮಾನವಾದ ಹೋಲಿಕೆ ಸಿದ್ಧವಾಗುತ್ತದೆ.

ಬಾಕಿಯ ದಿನಗಳು: ಮೂವತ್ತರ ಗುಂಪೇ, ಹದಿನೈದರ ಗುಂಪೇ?

ಈಗ ಮುಖ್ಯ ವಿಷಯ. ಕೊಡಬೇಕಾದ ಹಾಗೂ ಬರಬೇಕಾದ ಬಾಕಿಗಳನ್ನು 30, 60, 90 ದಿನಗಳ ಗುಂಪುಗಳಲ್ಲಿ ನೋಡುವುದು ಬಹುಕಾಲದ ರೂಢಿ. ಆದರೆ ಇಂದು ಕಾನೂನು ಎಳೆದಿರುವ ಗೆರೆಗಳು ಬೇರೆ.

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ 15ನೆಯ ಕಲಮಿನ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಸರಕು ಪಡೆದವರು ಲಿಖಿತ ಒಪ್ಪಂದವಿದ್ದರೆ ಒಪ್ಪಿದ ದಿನದೊಳಗೆ, ಆದರೆ ಯಾವ ಸಂದರ್ಭದಲ್ಲಿಯೂ 45 ದಿನಗಳನ್ನು ಮೀರದಂತೆ ಹಣ ಪಾವತಿಸಬೇಕು. ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಪಾವತಿಸಬೇಕು. ಒಪ್ಪಂದದಲ್ಲಿ 60 ಅಥವಾ 90 ದಿನವೆಂದು ಬರೆದುಕೊಂಡಿದ್ದರೂ ಅದು 45ಕ್ಕೇ ನಿಲ್ಲುತ್ತದೆ. ತಡವಾದರೆ 16ನೆಯ ಕಲಮಿನಂತೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳವಾರು ಚಕ್ರಬಡ್ಡಿಯಾಗಿ ಕೊಡಬೇಕು. ಆ ಬಡ್ಡಿಯನ್ನು ಆದಾಯ ತೆರಿಗೆಯಲ್ಲಿ ವೆಚ್ಚವಾಗಿ ಕಳೆಯುವಂತಿಲ್ಲ.

2023ರ ಹಣಕಾಸು ಕಾಯ್ದೆಯು ಆದಾಯ ತೆರಿಗೆ ಕಾಯ್ದೆಯ 43ಬಿ ಕಲಮಿಗೆ (ಎಚ್) ಎಂಬ ಉಪಖಂಡವನ್ನು ಸೇರಿಸಿತು. 2024-25ರ ಕರನಿರ್ಧಾರಣಾ ವರ್ಷದಿಂದ ಇದು ಅನ್ವಯವಾಯಿತು. ಇದರಂತೆ ಮೇಲಿನ ಗಡುವಿನೊಳಗೆ ಪಾವತಿಸದ ಮೊತ್ತವನ್ನು, ವಾಸ್ತವವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ವೆಚ್ಚವಾಗಿ ಕಳೆಯಬಹುದು. ವಿವರಣಾ ಪತ್ರ ಸಲ್ಲಿಸುವ ದಿನದೊಳಗೆ ಪಾವತಿಸಿದರೆ ಸಾಕೆಂಬ ವಿನಾಯಿತಿ ಇದಕ್ಕಿಲ್ಲ. 1-4-2026ರಿಂದ ಜಾರಿಗೆ ಬರುವಂತೆ ರಚಿತವಾದ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿಯೂ ಈ ತತ್ತ್ವ ಮುಂದುವರಿದಿದೆ.

ಜಿಎಸ್‌ಟಿಯಲ್ಲಿ ಮತ್ತೊಂದು ಗೆರೆಯಿದೆ. ರಿವರ್ಸ್ ಚಾರ್ಜ್ ಪ್ರಕರಣಗಳನ್ನು ಬಿಟ್ಟು, ಇನ್‌ವಾಯ್ಸ್ ದಿನಾಂಕದಿಂದ 180 ದಿನಗಳೊಳಗೆ ಸರಬರಾಜುದಾರರಿಗೆ ಹಣ ಪಾವತಿಸದಿದ್ದರೆ ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನು ಬಡ್ಡಿಸಹಿತ ಹಿಂತಿರುಗಿಸಬೇಕು. ಹಣ ಪಾವತಿಸಿದ ಮೇಲೆ ಕ್ರೆಡಿಟ್ಟನ್ನು ಮರಳಿ ಪಡೆಯಬಹುದು.

ಒಂದು ಉದಾಹರಣೆಯಿಂದ ಇದರ ಪರಿಣಾಮವನ್ನು ತಿಳಿಯಬಹುದು. ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಒಂದು ಪಾಲುದಾರಿಕೆ ಸಂಸ್ಥೆ ಇದೆಯೆಂದು ಭಾವಿಸಬಹುದು. ಅದರ ಸರಬರಾಜುದಾರರೆಲ್ಲ ಸೂಕ್ಷ್ಮ ಅಥವಾ ಸಣ್ಣ ತಯಾರಕರು. ಎಲ್ಲರೊಡನೆಯೂ 45 ದಿನಗಳ ಲಿಖಿತ ಒಪ್ಪಂದವಿದೆ. ಬಿಲ್ಲುಗಳೆಲ್ಲ 2024-25ರವು. 31-3-2025ಕ್ಕೆ ಇರುವಂತೆ, ಜಿಎಸ್‌ಟಿ ಹೊರತುಪಡಿಸಿ, ಕೊಡಬೇಕಾದ ಬಾಕಿ ರೂ. 24 ಲಕ್ಷ. ಮೂವತ್ತರ ಗುಂಪಿನಲ್ಲಿ ಅದು ಹೀಗೆ ಕಾಣುತ್ತದೆ:

1 ರಿಂದ 30 ದಿನ: ರೂ. 9.20 ಲಕ್ಷ
31 ರಿಂದ 60 ದಿನ: ರೂ. 8.40 ಲಕ್ಷ
61 ರಿಂದ 90 ದಿನ: ರೂ. 3.60 ಲಕ್ಷ
90 ದಿನ ಮೀರಿದ್ದು: ರೂ. 2.80 ಲಕ್ಷ

ಇದನ್ನು ನೋಡಿದ ಮಾಲೀಕರು, 60 ದಿನ ಮೀರಿದ ರೂ. 6.40 ಲಕ್ಷವನ್ನು ಮಾರ್ಚ್ ಮುಗಿಯುವುದರೊಳಗೆ ಪಾವತಿಸಿ ನಿಶ್ಚಿಂತರಾಗಬಹುದು. ಆದರೆ 45 ದಿನಗಳ ಗೆರೆಯು ಎರಡನೆಯ ಗುಂಪಿನ ಹೊಟ್ಟೆಯೊಳಗೆ ಅಡಗಿದೆ. ಅದೇ ಪಟ್ಟಿಯನ್ನು ಹದಿನೈದರ ಅಂತರದಲ್ಲಿ ಗುಂಪು ಮಾಡಿದರೆ ರೂ. 8.40 ಲಕ್ಷವು ಎರಡಾಗಿ ಒಡೆಯುತ್ತದೆ: 31 ರಿಂದ 45 ದಿನದ್ದು ರೂ. 5.10 ಲಕ್ಷ, 46 ರಿಂದ 60 ದಿನದ್ದು ರೂ. 3.30 ಲಕ್ಷ. ಗಡುವು ಮೀರಿದ ಒಟ್ಟು ಮೊತ್ತ ರೂ. 6.40 ಲಕ್ಷವಲ್ಲ, ರೂ. 9.70 ಲಕ್ಷ.

ಕಣ್ಣಿಗೆ ಬೀಳದೆ ಉಳಿದ ರೂ. 3.30 ಲಕ್ಷವು ಆ ವರ್ಷದ ಆದಾಯಕ್ಕೆ ಸೇರುತ್ತದೆ. ಪಾಲುದಾರಿಕೆ ಸಂಸ್ಥೆಗೆ ಶೇ. 30ರಂತೆ ರೂ. 99,000 ತೆರಿಗೆ, ಅದರ ಮೇಲೆ ಶೇ. 4ರ ಸೆಸ್ ರೂ. 3,960, ಒಟ್ಟು ರೂ. 1,02,960. ಮುಂದಿನ ವರ್ಷ ಪಾವತಿಸಿದಾಗ ಈ ವೆಚ್ಚವನ್ನು ಕಳೆಯಬಹುದು ಎಂಬುದು ನಿಜ. ಆದರೆ ದುಡಿಯುವ ಬಂಡವಾಳದಿಂದ ಒಂದು ಲಕ್ಷಕ್ಕೂ ಮೇಲ್ಪಟ್ಟ ಹಣ ಒಂದು ವರ್ಷ ಮೊದಲೇ ಹೊರಹೋಗುವುದು ಸಣ್ಣ ಉದ್ಯಮಕ್ಕೆ ಸಣ್ಣ ವಿಷಯವಲ್ಲ.

31 ರಿಂದ 45ರ ಗುಂಪನ್ನೂ ಅಲಕ್ಷಿಸಲಾಗದು. ಮಾರ್ಚ್ 31ರಂದು ಅದರ ಗಡುವು ಮೀರಿಲ್ಲ. ಆದರೆ ಏಪ್ರಿಲ್‌ನಲ್ಲಿ ಆಯಾ ಬಿಲ್ಲಿನ 45ನೆಯ ದಿನದೊಳಗೆ ಪಾವತಿಯಾಗದಿದ್ದರೆ ಅದೂ ಹಿಂದಿನ ವರ್ಷದ ವೆಚ್ಚದಿಂದ ಕೈಬಿಟ್ಟುಹೋಗುತ್ತದೆ.

ಹದಿನೈದರ ಮಗ್ಗಿಯ ಅನುಕೂಲ

15, 45, 180 ಮೂರೂ ಹದಿನೈದರ ಮಗ್ಗಿಯಲ್ಲಿ ಬರುವ ಸಂಖ್ಯೆಗಳು. ರೂಢಿಯ 30, 60, 90 ಸಹ ಅದರಲ್ಲಿಯೇ ಬರುತ್ತವೆ. ಆದ್ದರಿಂದ ಹದಿನೈದರ ಅಂತರವೊಂದನ್ನು ಅನುಸರಿಸಿದರೆ ಕಾನೂನಿನ ಗೆರೆಗಳೂ ರೂಢಿಯ ಗೆರೆಗಳೂ ಗುಂಪಿನ ಅಂಚಿಗೆ ಸರಿಯಾಗಿ ಬಂದು ಕೂರುತ್ತವೆ. ಇದನ್ನು ಮಾಡುವ ಕ್ರಮ ಹೀಗಿದೆ:

1. ಹಾಳೆಯ ಮೇಲ್ಭಾಗದ ಒಂದು ಚೌಕದಲ್ಲಿ 'ಯಾವ ದಿನಕ್ಕೆ ಇರುವಂತೆ' ಎಂಬ ದಿನಾಂಕವನ್ನು ಬರೆಯಬೇಕು. ಇಂದಿನ ದಿನಾಂಕದ ಸೂತ್ರವನ್ನು ಬಳಸಿದರೆ ವರದಿಯು ದಿನದಿನಕ್ಕೂ ಬದಲಾಗುತ್ತದೆ. ನಿಗದಿತ ದಿನಾಂಕವಿದ್ದರೆ ಮಾರ್ಚ್ ಮೂರನೆಯ ವಾರದಲ್ಲಿಯೇ 31ನೆಯ ತಾರೀಖಿನ ಸ್ಥಿತಿಯನ್ನು ಮುಂಚಿತವಾಗಿ ನೋಡಬಹುದು.

2. ಆ ದಿನಾಂಕದಿಂದ ಸರಕು ಸ್ವೀಕರಿಸಿದ ದಿನಾಂಕವನ್ನು ಕಳೆದು 'ಬಾಕಿಯ ದಿನಗಳು' ಎಂಬ ಕಾಲಂ ಸಿದ್ಧಪಡಿಸಬೇಕು. 45 ದಿನಗಳ ಲೆಕ್ಕ ಸರಕು ಸ್ವೀಕಾರದ ದಿನದಿಂದ. ಜಿಎಸ್‌ಟಿಯ 180 ದಿನಗಳ ಲೆಕ್ಕ ಇನ್‌ವಾಯ್ಸ್ ದಿನಾಂಕದಿಂದ. ಎರಡಕ್ಕೂ ಪ್ರತ್ಯೇಕ ಕಾಲಂ ಇರುವುದು ಒಳಿತು.

3. ಗುಂಪಿನ ಚೌಕಟ್ಟಿನಲ್ಲಿ 'ಸ್ಟಾರ್ಟಿಂಗ್ ಅಟ್' ಎಂಬಲ್ಲಿ 1, 'ಎಂಡಿಂಗ್ ಅಟ್' ಎಂಬಲ್ಲಿ 180, 'ಬೈ' ಎಂಬಲ್ಲಿ 15 ಬರೆಯಬೇಕು. 180ನ್ನು ಮೀರಿದವು ಕೊನೆಯಲ್ಲಿ ಪ್ರತ್ಯೇಕವಾಗಿ ಬರುತ್ತವೆ.

4. ಆರಂಭವನ್ನು 0 ಎಂದು ಬಿಡಬಾರದು. ಹಾಗೆ ಬಿಟ್ಟರೆ 0-14, 15-29, 30-44, 45-59 ಎಂದು ಗುಂಪುಗಳಾಗಿ, ಗಡುವಿನೊಳಗಿರುವ 45ನೆಯ ದಿನದ ಬಿಲ್ಲು ಗಡುವು ಮೀರಿದ ಬಿಲ್ಲುಗಳೊಡನೆ ಸೇರಿಬಿಡುತ್ತದೆ.

15, 45, 180 ಎಂಬ ಮೂರೇ ಗೆರೆಗಳು ಸಾಕೆನಿಸಿದರೆ ಪಿವಟ್ ಟೇಬಲ್‌ನ ಗುಂಪು ಸೌಲಭ್ಯ ನೆರವಾಗದು. ಅದು ಸಮಾನ ಅಂತರವನ್ನು ಮಾತ್ರ ಬಲ್ಲದು. ಆಗ ಮೂಲ ಪಟ್ಟಿಯಲ್ಲಿಯೇ 'ಇಫ್' ಸೂತ್ರದಿಂದ ಗುಂಪಿನ ಹೆಸರನ್ನು ಬರೆಸುವ ಕಾಲಂ ಸೇರಿಸಬೇಕು.

ಸರಬರಾಜುದಾರರ ಗುಂಪು

ಗಡುವು ಎಲ್ಲ ಸರಬರಾಜುದಾರರಿಗೂ ಅನ್ವಯಿಸುವುದಿಲ್ಲ. ಮಧ್ಯಮ ಉದ್ಯಮಗಳು ಇದರ ವ್ಯಾಪ್ತಿಯಲ್ಲಿಲ್ಲ. ಸಗಟು ಮತ್ತು ಚಿಲ್ಲರೆ ವರ್ತಕರಿಗೆ 2021ರಲ್ಲಿ ಉದ್ಯಮ್ ನೋಂದಣಿಗೆ ಅವಕಾಶ ಕೊಟ್ಟರೂ ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಸೀಮಿತಗೊಳಿಸಲಾಯಿತು. ಆದ್ದರಿಂದ ಸೂಕ್ಷ್ಮ, ಸಣ್ಣ, ಇತರ ಎಂಬ ವರ್ಗೀಕರಣ ಅಗತ್ಯ. ಒಪ್ಪಂದವಿರುವವರು, ಇಲ್ಲದವರು ಎಂಬುದನ್ನೂ ಗುರುತಿಸಬೇಕು.

ಪಿವಟ್ ಟೇಬಲ್‌ನಲ್ಲಿ ಹೆಸರುಗಳನ್ನು ಒಂದೊಂದಾಗಿ ಆಯ್ದು ಗುಂಪು ಮಾಡಲು ಸಾಧ್ಯವಿದೆ. ಆದರೆ ಮುಂದಿನ ತಿಂಗಳು ಹೊಸ ಸರಬರಾಜುದಾರ ಬಂದರೆ ಅವನು ಯಾವ ಗುಂಪಿಗೂ ಸೇರದೆ ಹೊರಗುಳಿಯುತ್ತಾನೆ. ಒಂದೇ ಪಾರ್ಟಿಯ ಹೆಸರನ್ನು ಎರಡು ರೀತಿ ಬರೆದಿದ್ದರೆ ಬಾಕಿಯೂ ಎರಡು ಕಡೆ ಹಂಚಿಹೋಗುತ್ತದೆ. ಉದ್ಯಮ್ ಪ್ರಮಾಣಪತ್ರಗಳನ್ನು ತರಿಸಿಕೊಂಡು, ಸರಬರಾಜುದಾರರ ಪಟ್ಟಿಯೊಂದರಲ್ಲಿ ಅವರ ವರ್ಗವನ್ನು ಬರೆದಿಟ್ಟು, 'ವಿಲುಕಪ್' ಸೂತ್ರದಿಂದ ಅದನ್ನು ಬಿಲ್ಲುಗಳ ಪಟ್ಟಿಗೆ ತರುವುದು ಉತ್ತಮ ಪದ್ಧತಿ. 1-4-2025ರಿಂದ ವರ್ಗೀಕರಣದ ಮಿತಿಗಳು ಹೆಚ್ಚಾಗಿವೆ. ಸಣ್ಣ ಉದ್ಯಮದ ವಾರ್ಷಿಕ ವಹಿವಾಟಿನ ಮಿತಿ ರೂ. 50 ಕೋಟಿಯಿಂದ ರೂ. 100 ಕೋಟಿಗೆ ಏರಿದೆ. ಹಿಂದೆ ಮಧ್ಯಮವೆನಿಸಿದ್ದ ಸರಬರಾಜುದಾರರು ಈಗ ಸಣ್ಣ ಉದ್ಯಮವಾಗಿರಬಹುದಾದ್ದರಿಂದ ಹಳೆಯ ಪಟ್ಟಿಯನ್ನೇ ನೆಚ್ಚಬಾರದು.

ಒಂದು ಟೇಬಲ್ ಬದಲಿಸಿದರೆ ಇನ್ನೊಂದೂ ಬದಲಾಗುವುದು

ಒಂದೇ ಪಟ್ಟಿಯಿಂದ ಎರಡು ಪಿವಟ್ ಟೇಬಲ್‌ಗಳನ್ನು ಮಾಡಿದಾಗ ಎಕ್ಸೆಲ್ ಸಾಮಾನ್ಯವಾಗಿ ಎರಡಕ್ಕೂ ಒಂದೇ ಆಂತರಿಕ ಸಂಗ್ರಹವನ್ನು ಬಳಸುತ್ತದೆ. ಗುಂಪಿನ ವಿವರ ಆ ಸಂಗ್ರಹದಲ್ಲಿರುವುದರಿಂದ, ಒಂದರಲ್ಲಿ ಹದಿನೈದರ ಗುಂಪನ್ನು ಮೂವತ್ತಕ್ಕೆ ಬದಲಿಸಿದರೆ ಇನ್ನೊಂದು ಹಾಳೆಯಲ್ಲಿಯೂ ಅದು ಬದಲಾಗುತ್ತದೆ. ಬ್ಯಾಂಕಿಗೆ ಮೂವತ್ತರ ಗುಂಪು, ತೆರಿಗೆಗೆ ಹದಿನೈದರ ಗುಂಪು ಬೇಕಾದಾಗ ದಿನಗಳ ಕಾಲಂನ್ನು ಬೇರೆ ತಲೆಬರಹದಡಿ ಇನ್ನೊಮ್ಮೆ ನಕಲು ಮಾಡಿ, ಒಂದೊಂದು ಟೇಬಲ್‌ಗೆ ಒಂದೊಂದು ಕಾಲಂ ಬಳಸುವುದು ಸುಲಭೋಪಾಯ.

ಬರಬೇಕಾದ ಬಾಕಿಗೂ ಇದೇ ಕ್ರಮ

ಉದ್ಯಮ್ ನೋಂದಣಿ ಪಡೆದ ಸೂಕ್ಷ್ಮ ಅಥವಾ ಸಣ್ಣ ತಯಾರಕರು ತಮಗೆ ಬರಬೇಕಾದ ಹಣವನ್ನೂ ಇದೇ ರೀತಿ ಹದಿನೈದರ ಗುಂಪಿನಲ್ಲಿ ನೋಡಬೇಕು. 45 ದಿನ ಮೀರಿದ ಬಾಕಿಗೆ ಬಡ್ಡಿ ಕೇಳುವ, ಅಗತ್ಯವಾದರೆ ಕಾಯ್ದೆಯ 18ನೆಯ ಕಲಮಿನಂತೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸೌಲಭ್ಯ ಮಂಡಳಿಯ ಮೊರೆಹೋಗುವ ಹಕ್ಕು ಅವರಿಗಿದೆ. ದೊಡ್ಡ ಗಿರಾಕಿಯ ವಿರುದ್ಧ ಮಂಡಳಿಗೆ ಹೋಗಲು ಹಿಂಜರಿಯುವವರೂ, 31 ರಿಂದ 45ರ ಗುಂಪಿನಲ್ಲಿರುವ ಬಿಲ್ಲುಗಳ ಪಟ್ಟಿಯನ್ನು ಪ್ರತಿ ಹದಿನೈದು ದಿನಕ್ಕೊಮ್ಮೆ ಗಿರಾಕಿಯ ಲೆಕ್ಕಪತ್ರ ವಿಭಾಗಕ್ಕೆ ಕಳುಹಿಸಬಹುದು. ಗಡುವಿನೊಳಗೆ ಪಾವತಿಸಿದರೆ ತೆರಿಗೆಯ ಅನುಕೂಲ ಆ ಗಿರಾಕಿಗೂ ಇರುವುದರಿಂದ ಇಂತಹ ಜ್ಞಾಪನಾ ಪತ್ರವನ್ನು ಯಾರೂ ತಪ್ಪಾಗಿ ಭಾವಿಸಬೇಕಾಗಿಲ್ಲ.

ವರದಿ ಸಿದ್ಧಪಡಿಸಲು ಹೇಳುವ ಮುನ್ನ ಮಾಲೀಕರು ತಮ್ಮ ಪ್ರಶ್ನೆ ಏನೆಂಬುದನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಲಿ. ಪ್ರಶ್ನೆ ತೆರಿಗೆಯದಾದರೆ ಗೆರೆಯನ್ನು ಕಾನೂನಿನಿಂದ, ವ್ಯಾಪಾರದ್ದಾದರೆ ಹಬ್ಬ ಮತ್ತು ಹಂಗಾಮಿನಿಂದ, ಬ್ಯಾಂಕಿನದಾದರೆ ಬ್ಯಾಂಕಿನ ನಮೂನೆಯಿಂದ ತೆಗೆದುಕೊಳ್ಳಬೇಕು. ಮಾರ್ಚ್ ಮೂರನೆಯ ವಾರದಲ್ಲಿ ಒಂದು ಅರ್ಧ ದಿನವನ್ನು ಈ ಕೆಲಸಕ್ಕೆ ಮೀಸಲಿಟ್ಟು, 46ನೆಯ ದಿನದಿಂದ ಮೇಲಿನ ಗುಂಪುಗಳಲ್ಲಿರುವ ಬಿಲ್ಲುಗಳನ್ನೂ ಒಪ್ಪಂದವಿಲ್ಲದವರ 15 ದಿನ ಮೀರಿದ ಬಿಲ್ಲುಗಳನ್ನೂ ತಿಂಗಳು ಮುಗಿಯುವುದರೊಳಗೆ ಪಾವತಿಸಿದರೆ, ಲೆಕ್ಕಪರಿಶೋಧನೆಯ ಕಾಲದಲ್ಲಿ ಈ ಬಾಬ್ತಿನ ತೆರಿಗೆ ತೆರುವ ಪ್ರಸಂಗ ಬರುವುದಿಲ್ಲ.